ಏಳು ಡಬ್ಬಿ

ಕೂಡು ಲಾಯಪ್ಪ, ಚಾ ಬರ್ತದ.
ಮೂವತ್ತೈದು ಸಾವಿರ ಕಿಸೇದಾಗ ಇಟ್ಕೊಂಡು
ಸೊಲ್ಲಾಪುರದ ನವೀ ಪೇಠಕ್ಕ ಓಡಬ್ಯಾಡ.
ದೀಪ ಭಾಳ ಇರೂ ಪ್ಲೇಯರ್ ತೋರಸ್ತಾರ,
ಹಂದರದಂಗ ಮಿಣಮಿಣ.
ನೀ ದೀಪ ನೋಡಬ್ಯಾಡ.
ತಿರುಗೂ ಗಾಲಿ ಮ್ಯಾಲ ಬೆರಳಿಡು,
ನಿಂದ್ರು ಅಂದ್ರ ನಿಂದರ್ತದೇನು,
ಅರ್ಧ ಬೀಟು ಮುಂದ ಹೋಗಿ
ತಪ್ಪಾತ್ರೀ ಅಂತದೇನು, ಅದನ್ನ ನೋಡು.

ಲ್ಯಾಪ್‌ಟಾಪು ಬ್ಯಾಡ. ಭಂಡಾರ ತೂರಿದ್ರ
ಗುಂಡಿ ಗುಂಡಿಯೊಳಗ ಹಳದಿ ಕುಂದರ್ತದ,
ಒಂದು ಒತ್ತಿದ್ರ ಮೂರು ಏಳತಾವ.
ಮೊಬೈಲಿನಿಂದ ಹಚ್ಚತೀನಿ ಅಂದಿ ಹೋದ ವಾರ.
ಹಚ್ಚಿದ್ದೆ ನಾನೂ, ಮೈಂದರ್ಗಿಯೊಳಗ, ಅರಿಶಿಣದ ರಾತ್ರಿ.
ಕುಣಿತ ಕಾವೇರಿದಾಗ
ಪತಸಂಸ್ಥೆಯ ವಸೂಲಿ ಸಾಹೇಬನ ಫೋನು.
ಕೈ ಜಾರಿ ಎತ್ತಿಬಿಟ್ಟೆ.
ಎಂಟು ಬಾಸಿನಾಗ ಸಾಹೇಬ ಮಾತಾಡಿದ.
ಇವತ್ತಿಗೂ ಆ ಊರಾಗ ನನ್ನ ಹೆಸರು
ಮೂರು ಕಂತು.

ಹಾಡಿನ ಮಾತಿಗೆ ಬಾ.
ನಿನ್ನ ಪೆನ್ ಡ್ರೈವಿನಾಗ ನಾಕು ಸಾವಿರ ಹಾಡು,
ಎಲ್ಲಾ ನೂರಾ ಇಪ್ಪತ್ತೆಂಟರವು.
ಹನ್ನೊಂದು ವರ್ಷ ಚಾದರದ ಮಗ್ಗದ ಮ್ಯಾಲ ಇದ್ದಾಂವ ನಾ,
ಎಳಿ ಎಣಿಸಿ ಗೊತ್ತು.
ಎಂಪಿತ್ರೀ ಅಂದ್ರ ಎಳಿ ಜಗ್ಗಿ ತಗದ ಚಾದರ.
ಅಂಗಡಿ ಮುಂದ ತೂಗಹಾಕಿದ್ರ
ಅದಽ ಹೂವು, ಅದಽ ನವಿಲು, ಅದಽ ಅಂಚು.
ಕಿವ್ಯಾಗಿನ ಸಣ್ಣ ಗುಂಡಿಗೆ ಫರಕು ತಿಳ್ಯಂಗಿಲ್ಲ.
ಟ್ರಕ್ಕಿನ ಮ್ಯಾಲ ಬಾಸು ಏರಿಸಿ ಹಾಸಿ ನೋಡು:
ತೂತಿನಾಗಿಂದ ಥಂಡಿ ಬರ್ತದ,
ತಾಳದ ಬದಲು ಮಳಲು ಕೇಳಸ್ತದ.

ಮುನ್ನೂರಾ ಇಪ್ಪತ್ತು ಇದ್ರ ನಡೀತದ, ಕುಣಿಯೋರಿಗೆ ಸಾಕು.
ವೇವ್ ಅಂದ್ರ ಪೂರಾ ನೂಲು. ಆದ್ರ ಜಾಗಾ ನುಂಗತದ,
ಹಾಡಿದಾಂವ ಯಾರಂತ ಚೀಟಿನೂ ಇಟ್ಕೊಳ್ಳಂಗಿಲ್ಲ.
ಫ್ಲ್ಯಾಕ್ ಛಲೋ ಅದ, ಮಡಚಿದ್ರೂ ಎಳಿ ಹರಿಯಂಗಿಲ್ಲ;
ನಿನ್ನ ರೊಕ್ಕಕ್ಕ ಬರೂ ಹಳೇ ಪ್ಲೇಯರು ಅದನ್ನ ಓದಂಗಿಲ್ಲ,
ಸಾಲಿ ಬಿಟ್ಟ ಹುಡುಗನಂಗ ನಿನ್ನ ಮಾರಿ ನೋಡತದ.
ಫ್ಯಾಟ್ ಮೂವತ್ತೆರಡಕ್ಕ ಫಾರ್ಮ್ಯಾಟ್ ಮಾಡಿದ
ಪೆನ್ ಡ್ರೈವ್ ಎರಡಿರಲಿ.
ಒಂದು ಕಿಸೇದಾಗ, ಒಂದು ಕಾಲುಚೀಲದಾಗ.
ಕಾಲುಚೀಲ ಯಾಕ ಅಂತ ಕೇಳಬ್ಯಾಡ.

ಮತ್ತ ಹೆಸರು.
ಕನ್ನಡದಾಗ ಬರೀಬ್ಯಾಡ, ಪ್ಲೇಯರಿಗೆ ಬರಂಗಿಲ್ಲ.
ಮರಾಠೀನೂ ಬರಂಗಿಲ್ಲ. ಇದೊಂದು ವಿಷಯಕ್ಕ
ಅಕ್ಕಲಕೋಟದಾಗ ಜಗಳ ಇಲ್ಲ.
ಅಕ್ಷರ ಇರೂ ಕಡೆ ಖಾಲಿ ಡಬ್ಬಿ ತೋರಸ್ತದ.
ಎಲ್ಲಾ ಇಂಗ್ಲಿಷಿನಾಗ ಬರದೀನಿ ನಾ,
ಒಂದು ಬಿಟ್ಟು.

ಇಲ್ಲಿ ನೋಡು, ಪಟ್ಟಿಯ ಕಡೀಕ.
□□□□□□□

ದಸ್ತಗೀರ.
ಬಾಯಾಗ ನಾಕಽ ಅಕ್ಷರ, ಪ್ಲೇಯರಿನಾಗ ಏಳು ಡಬ್ಬಿ.
ಗುಡಿಸಿಗೆ ಒಂದು, ಸ ಕೆಳಗಿನ ತ-ಕ್ಕ ಒಂದು,
ಅವೆರಡನ್ನ ಕೂಡಿಸಿದ ಗಂಟಿಗೂ ಒಂದು.
ಗಂಟು ಎಣಸ್ತದ ಮಷೀನು, ಓದಂಗಿಲ್ಲ.

ನನಗ ವಾಯರು ಹಲ್ಲಿಲೆ ಸುಲಿಯೂದು ಕಲಿಸಿದಾಂವ.
ಹನ್ನೊಂದು ಸೆಕೆಂದು, ಹಳೇ ಮೊಬೈಲಿನಾಗ ಹಿಡಿದದ್ದು:
ಹಲೋ ಹಲೋ, ಏಕ್ ದೋನ್, ಒಂದು ಎರಡು,
ಏ ಜನರೇಟರ್ ಕಡೆ ನಿಂತಾಂವ, ಸರಿ ಅತ್ತ.
ಆಮ್ಯಾಲ ಒಂದು ಕೆಮ್ಮು.
ಆ ಫೈಲು ಯಾ ಪ್ಲೇಯರೂ ತಗೊಳ್ಳಲಿಲ್ಲ.
ವೇವ್ ಮಾಡಿದೆ. ನೂರು ಪಟ್ಟು ದೊಡ್ಡದಾತು.
ಚೀಲ ದೊಡ್ಡದು ಹೊಲಿಸಿದ್ರ ಜ್ವಾಳ ಹೆಚ್ಚಾಗತಾವೇನು?
ಹೋದ ಎಳಿ ಹೋದವು.
ಆದ್ರೂ ವೇವಿನಾಗಽ ಇರಲಿ ಅನಸ್ತು,
ಇನ್ನ ಮ್ಯಾಲರೆ ಏನೂ ಕಳಕೊಳ್ಳೂದು ಬ್ಯಾಡ.

ಎಲ್ಲೇ ಕೆಲಸ ಇರಲಿ,
ಮಂದಿ ಕೂಡೂಕಿಂತ ಮೊದಲು ಇದನ್ನ ಹಚ್ಚತೀನಿ.
ಬಾಸು ಒಡದದೇನು, ಮಿಡ್ಡು ಗೊಗ್ಗರಾಗ್ಯದೇನು,
ಕೆಮ್ಮಿನಾಗಽ ಗೊತ್ತಾಗತದ.
ಕತ್ತಲ್ಯಾಗ ಹುಡುಕೂದೂ ಸಸಾರ:
ಓದಾಕ ಬರದ ಹೆಸರು ಇದೊಂದಽ.

ಜನರೇಟರ್ ಕಡೆ ನಿಂತ ಹುಡುಗ ಯಾವನಽ ಇರಲಿ,
ಎರಡು ಹೆಜ್ಜಿ
ಅತ್ತ ಸರೀತಾನ.